ವಿಷ ಇಳಿದ ಮೇಲಿನ ನಂಜು

ನನ್ನ ಅತ್ತಿಗೆಗೆ ಹಾವು ಕಚ್ಚಿದ್ದು ಹಾಡಹಗಲಲ್ಲಿ, ನಮ್ಮ ಮನೆಯ ಹಿಂದಿನ ತೆಂಗಿನ ತೋಟದಲ್ಲಿ. ಹನಿ ನೀರಿನ ಪೈಪಿನ ಮೇಲೆ ಒಣಗರಿಯೊಂದು ಬಿದ್ದಿತ್ತು. ಅದನ್ನು ಎಳೆದು ಬದುವಿಗೆ ಹಾಕೋಣವೆಂದು ಹೋದಳು. ಗರಿಯ ಅಡಿಯಲ್ಲಿ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ಗರಿ ಅಲುಗಿದ್ದೇ ತಡ, ಅವಳ ಬಲಗಾಲಿನ ಹಿಮ್ಮಡಿಯ ಮೇಲೆ ಬಾಯಿ ಹಾಕಿತು.

ಅವಳು ಕಿರುಚಲಿಲ್ಲ. ಕುಂಟಿಕೊಂಡು ಕೊಟ್ಟಿಗೆಯ ತನಕ ಬಂದು, ಹಾಲು ಕರೆಯುತ್ತಿದ್ದ ಅವ್ವನಿಗೆ, "ಅತ್ತೆ, ಹಾವು ಕಚ್ಚೈತೆ. ಮಂಡಲದ ಹಾವು, ಕಣ್ಣಾರೆ ನೋಡ್ದೆ. ಅವ್ರನ್ನ ಕರೀರಿ," ಎಂದಳಂತೆ. ಅಣ್ಣ ಬೈಕಿನಲ್ಲಿ, ತನಗೂ ಪಕ್ಕದ ತೋಟದವರಿಗೂ ನಡುವೆ ಅವಳನ್ನು ಕೂರಿಸಿಕೊಂಡು ತಿಪಟೂರಿನ ಆಸ್ಪತ್ರೆ ಮುಟ್ಟಿಸಿದ. ಮುಟ್ಟುವಷ್ಟರಲ್ಲಿ ವಸಡಿನಿಂದ ರಕ್ತ ಒಸರುತ್ತಿತ್ತು. ಅಲ್ಲಿ ವಿಷಕ್ಕೆ ಮದ್ದು ಏರಿಸಿದರು. ಮಾರನೆಯ ದಿನ ಮೂತ್ರ ಕಟ್ಟಿದ್ದರಿಂದ ತುಮಕೂರಿಗೆ ಕಳುಹಿಸಿದರು. ಚಿಕ್ಕನಾಯಕನಹಳ್ಳಿಯಲ್ಲಿ ಹೈಸ್ಕೂಲ್ ಟೀಚರಾಗಿದ್ದ ನಾನು ರಜೆ ಹಾಕಿ ಓಡಿ ಹೋದಾಗ ಅವಳ ಮುಖ ಗುರುತು ಸಿಗದಷ್ಟು ಊದಿತ್ತು. ಡಯಾಲಿಸಿಸ್ ಮಾಡಿದರು. ಬದುಕುತ್ತಾಳೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಣ್ಣ ವಾರ್ಡಿನ ಹೊರಗಿನ ಬೆಂಚಿನಲ್ಲಿ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿರುತ್ತಿದ್ದ. ಕೊನೆಗೆ ಮೂತ್ರ ಹೋಗತೊಡಗಿತು, ಊತ ಇಳಿಯಿತು. ಅವಳು ಕಣ್ಣು ಬಿಟ್ಟು ಮೊದಲು ಕೇಳಿದ್ದು ಮಗಳು ಸ್ಕೂಲಿಗೆ ಹೋದಳಾ ಎಂದು.

ಅತ್ತಿಗೆ ಅಮ್ಮಸಂದ್ರದ ಕಡೆಯ ಹೆಣ್ಣು. ಮಾತು ಜೋರು, ನಡಿಗೆ ಜೋರು. ನಮ್ಮ ಮನೆಗೆ ಬಂದ ಒಂದೆರಡು ವರ್ಷದಲ್ಲೇ ಅಟ್ಟದ ಕೊಬ್ಬರಿಯ ಉಸ್ತುವಾರಿ ಅವಳ ಕೈಗೆ ಬಂದಿತ್ತು. ನಮ್ಮಲ್ಲಿ ಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಹಾಕಿ ಬಿಡುತ್ತೇವೆ. ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಬೇಕು. ಅತ್ತಿಗೆ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, "ಇದಾಗೈತೆ, ಇದಿನ್ನೂ ಇಲ್ಲ," ಎಂದು ಬೇರೆ ಮಾಡುತ್ತಿದ್ದಳು. ಅಷ್ಟು ಹೊತ್ತೂ ಕೆಳಗಿದ್ದವರ ಜೊತೆ ಜಗಳವೋ ನಗುವೋ ನಡೆದೇ ಇರುತ್ತಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಕಚ್ಚಿದ ಜಾಗ ಕೊಳೆತು ಹುಣ್ಣಾಯಿತು. ತಿಪಟೂರಿಗೆ ಹೋಗಿ ಡ್ರೆಸ್ಸಿಂಗ್ ಮಾಡಿಸುವುದು ಒಂದು ಕಡೆ. ಮನೆಯಲ್ಲಿ ಅವ್ವನ ಆರೈಕೆ ಇನ್ನೊಂದು ಕಡೆ. ಅವ್ವ ಬೆಳಿಗ್ಗೆ ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನಲ್ಲಿ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತೊಳೆಯುತ್ತಿದ್ದಳು. ವಾಸನೆಗೆ ನಾನು ಮೂಗು ಮುಚ್ಚಿಕೊಂಡಿದ್ದೇನೆ, ಅವ್ವ ಒಂದು ದಿನವೂ ಮುಚ್ಚಿಕೊಳ್ಳಲಿಲ್ಲ. ತೊಳೆಯುತ್ತಾ ಹೇಳುತ್ತಿದ್ದುದು ಒಂದೇ ಮಾತು: "ವಿಷ ಹೋಗೈತೆ ಕಣವ್ವ. ನಂಜು ಹೋಗ್ಬೇಕು."

ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಮುಳ್ಳು ಚುಚ್ಚಿದ ಕಡೆ ಕೀವಾದರೆ ನಂಜಾಯಿತು. ತುಕ್ಕು ಹಿಡಿದ ಕುಡುಗೋಲು ತಗುಲಿದರೆ ಕಬ್ಬಿಣದ ನಂಜು. ಬಾಣಂತಿಗೆ ಜ್ವರ ಬಂದರೆ ಅದೂ ನಂಜು. ಬದನೆಕಾಯಿ ನಂಜು, ಕಡ್ಲೆಕಾಯಿ ನಂಜು, ಗಾಯ ಇರುವವರು ತಿನ್ನಬಾರದು. ಕನ್ನಡ ಪಾಠ ಮಾಡುವವಳಾದರೂ ಆ ಪದವನ್ನು ನಿಂತು ನೋಡಿರಲಿಲ್ಲ. ಅತ್ತಿಗೆಯ ಕಾಲು ಮಾಯುತ್ತಿದ್ದ ದಿನಗಳಲ್ಲಿ ಸ್ಕೂಲಿನ ಬೀರುವಿನಿಂದ ದೊಡ್ಡ ನಿಘಂಟು ತೆಗೆದು ನೋಡಿದೆ. ನಂಜು ಎಂದರೆ ವಿಷ, ಅಷ್ಟೇ. ಹಳಗನ್ನಡದಿಂದ ಇದೆ. ತಮಿಳಿನಲ್ಲೂ ಮಲಯಾಳದಲ್ಲೂ ಇದೇ ಪದ, ಇದೇ ಅರ್ಥ. ವಿಷ ಎನ್ನುವುದು ಸಂಸ್ಕೃತದಿಂದ ಬಂದದ್ದು, ನಂಜು ನಮ್ಮದು. ವಿಷ ಉಂಡ ದೇವರನ್ನು ನಮ್ಮವರು ನಂಜುಂಡ ಎಂದು ಕರೆದದ್ದು ಈ ಪದದಿಂದಲೇ. ನಮ್ಮ ಸೀಮೆಯಲ್ಲಿ ಆ ದೇವರ ಹೆಸರಿಟ್ಟುಕೊಂಡವರು ಇಲ್ಲದ ಬೀದಿ ಇಲ್ಲ. ಆದರೆ ಅವ್ವನ ಬಾಯಲ್ಲಿ ವಿಷವೂ ನಂಜೂ ಒಂದೇ ಆಗಿರಲಿಲ್ಲ. ಆಚೆಯಿಂದ ಬಂದ ಪದ ಹಳೆಯ ಅರ್ಥದ ಜಾಗದಲ್ಲಿ ಕೂತಾಗ, ನಮ್ಮ ಪದ ಒಂದು ಹೆಜ್ಜೆ ಹಿಂದೆ ಸರಿದು ಬೇರೊಂದು ಕೆಲಸ ಹಿಡಿದಿರಬೇಕು ಎಂದುಕೊಂಡೆ. ಕೊಲ್ಲುವುದಕ್ಕೆ ವಿಷ, ಕೊಲ್ಲದೆ ಬಿಟ್ಟು ಹೋದಮೇಲೆ ಒಳಗೆ ಉಳಿಯುವುದಕ್ಕೆ ನಂಜು. ಇದು ನಿಘಂಟಿನಲ್ಲಿ ಇರಲಿಲ್ಲ. ನನ್ನ ಊಹೆ.

ನಿಘಂಟಿನಲ್ಲಿ ಇನ್ನೊಂದು ಅರ್ಥವೂ ಇತ್ತು: ಹಗೆ, ಮತ್ಸರ. ಅದನ್ನು ಆಗ ಓದಿ ಮುಂದೆ ಹೋದೆ.

ಹುಣ್ಣು ಮಾಯಿತು. ಕಪ್ಪು ಕಲೆಯೊಂದು ಉಳಿಯಿತು. ಪಥ್ಯ ಮಾತ್ರ ನಿಲ್ಲಲಿಲ್ಲ. ಮೂತ್ರಪಿಂಡಕ್ಕೆ ಪೆಟ್ಟಾಗಿದ್ದ ಹೊಸತರಲ್ಲಿ ತುಮಕೂರಿನ ಡಾಕ್ಟರು, "ಸ್ವಲ್ಪ ದಿನ ಉಪ್ಪು ಕಮ್ಮಿ ಮಾಡಿ," ಎಂದಿದ್ದರು. ಅವ್ವನ ಲೆಕ್ಕದಲ್ಲಿ ನಂಜಿಗೂ ಉಪ್ಪು ಹುಳಿ ಆಗದು. ಡಾಕ್ಟರ ಮಾತು, ತನ್ನ ಅನುಭವ ಎರಡೂ ಒಂದೇ ಕಡೆ ಸೇರಿದ್ದರಿಂದ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಅತ್ತಿಗೆಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು ಆಗತೊಡಗಿತು. ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಡಾಕ್ಟರು ಹೇಳಿರಲಿಲ್ಲ. ಅತ್ತಿಗೆಯೂ ಎದುರಾಡಲಿಲ್ಲ, ತನ್ನ ಕೀವು ತೊಳೆದ ಕೈ ಬಡಿಸುವ ಊಟಕ್ಕೆ ಏನೆಂದು ಎದುರಾಡುವುದು?

ಒಂದು ಮಳೆಗಾಲ ಕಳೆಯಿತು, ಇನ್ನೊಂದು ಬಂತು. ಭಾನುವಾರ ಊರಿಗೆ ಹೋದಾಗಲೆಲ್ಲ ಅತ್ತಿಗೆ ಸ್ವಲ್ಪ ಸ್ವಲ್ಪವೇ ಬೇರೆಯಾಗುತ್ತಿದ್ದಳು. ಮಾತು ನಿಧಾನವಾಯಿತು. ಧ್ವನಿ ದಪ್ಪವಾಯಿತು. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಜಗುಲಿಯಲ್ಲಿ ಕೂತಿರುತ್ತಿದ್ದಳು. ಮುಖ ಬಿಳಿಚಿಕೊಂಡು ಹುಬ್ಬಿನ ತುದಿಯ ಕೂದಲು ಉದುರಿತ್ತು. ಅಟ್ಟ ಹತ್ತಿದರೆ ಎರಡು ಕಾಯಿ ಅಲ್ಲಾಡಿಸಿ ಅಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ತಿಪಟೂರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ರಕ್ತ ಕಮ್ಮಿ ಇದೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ರಕ್ತ ಕಮ್ಮಿ ಇದ್ದದ್ದೂ ನಿಜವೇ. ನುಂಗಿದಳು, ಏನೂ ಬದಲಾಗಲಿಲ್ಲ. ಹೆದರಿಕೆ ಎಂದರು ಕೆಲವರು. ನಾಗರದ ದೋಷ ಎಂದರು ಇನ್ನು ಕೆಲವರು. ಅಣ್ಣ ಅರಳೀಕಟ್ಟೆಯ ನಾಗರಕಲ್ಲಿಗೆ ಪೂಜೆಯನ್ನೂ ಮಾಡಿಸಿದ.

ಒಂದು ಸಲ ನಾವಿಬ್ಬರೇ ಇದ್ದಾಗ ಅತ್ತಿಗೆ ಮೆಲ್ಲಗೆ ಹೇಳಿದಳು. "ಮುಟ್ಟು ನಿಂತೋಗೈತೆ ಕಣೇ."

"ಯಾವಾಗಿಂದ?"

"ಆಸ್ಪತ್ರೆಯಿಂದ ಬಂದಾಗ್ಲಿಂದ್ಲೂ ಸರಿಯಾಗಿ ಆಗಿಲ್ಲ. ಮಧ್ಯದಲ್ಲಿ ಒಂದ್ಸಲ ಬಸುರಿ ಅಂದ್ಕಂಡಿದ್ದೆ. ಅಂಗಡಿಯಿಂದ ತರ್ಸಿ ಪರೀಕ್ಷೆನೂ ಮಾಡ್ಕಂಡೆ. ಇಲ್ಲ." ಸ್ವೆಟರಿನ ತೋಳು ಕೆಳಗೆಳೆದುಕೊಂಡು, "ನಿಮ್ಮಣ್ಣಂಗೆ ಇನ್ನೊಂದು ಮಗು ಬೇಕು ಅಂತ ಆಸೆ," ಎಂದಳು.

ಅಣ್ಣ ಕೆಟ್ಟವನಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಅವನನ್ನು ನೋಡಿದ್ದೇನೆ. ಆದರೆ ಸಾಯುವವಳು ಬದುಕಿ ಬಂದಮೇಲೆ ಎಲ್ಲ ಮೊದಲಿನ ಹಾಗೇ ಆಗಬೇಕು ಎಂಬ ಆತುರ ಅವನದು. ಕೊಬ್ಬರಿ ಸುಲಿಯುವ ಕೆಲಸ ನಡೆದಿದ್ದ ಒಂದು ಭಾನುವಾರ, ಆಳುಗಳಿಗೆ ಕಾಫಿ ಕೊಡುವುದನ್ನು ಮರೆತು ಅತ್ತಿಗೆ ಒಳಗೆ ಮಲಗಿಬಿಟ್ಟಿದ್ದಳು. ಅಣ್ಣ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, "ಕಾಲು ವಾಸಿಯಾಗಿ ವರ್ಷ ಆಯ್ತು. ಇನ್ನೂ ಏನ್ ನಾಟ್ಕ? ದಂಡಪಿಂಡ ಸಾಕ್ದಂಗಾಯ್ತು," ಎಂದ.

ಅತ್ತಿಗೆ ಎದ್ದು ಬಂದು ಒಲೆಯ ಮೇಲೆ ನೀರಿಟ್ಟಳು. ಮೊದಲಿನ ಹಾಗಿದ್ದಿದ್ದರೆ ಅವನ ಎರಡರಷ್ಟು ಗಂಟಲಲ್ಲಿ ಉತ್ತರ ಕೊಡುತ್ತಿದ್ದಳು. ಅವ್ವ ಮಗನನ್ನು ಗದರಿದಳು: "ಬಾಯ್ಮುಚ್ಚಲಾ! ನಂಜು ಒಳಕ್ಕೆ ಇಳ್ದೈತೆ, ನಿಂಗೇನ್ ಗೊತ್ತು?" ಅಣ್ಣ, "ನಂಜಂತೆ ನಂಜು, ಸುಮ್ಕಿರವ್ವ," ಎಂದು ಅಂಗಳಕ್ಕೆ ನಡೆದ. ನನಗೂ ಆಗ ಅವ್ವನದು ಹಳೆ ಕಾಲದ ಮಾತು ಎಂದೇ ಅನ್ನಿಸಿತ್ತು.

ಆ ವರ್ಷ ಊರಲ್ಲೆಲ್ಲ ವೈರಲ್ ಜ್ವರ. ಮನೆಯಲ್ಲಿ ಎಲ್ಲರಿಗೂ ಬಂದು ಹೋಯಿತು. ಅತ್ತಿಗೆಗೂ ಬಂತು. ಎಲ್ಲರೂ ಎದ್ದರು, ಅವಳು ಏಳಲಿಲ್ಲ. ನಾನು ಮನೆಯಲ್ಲಿದ್ದ ದಿನವೇ ಬೆಳಿಗ್ಗೆ ಎರಡು ಸಲ ವಾಂತಿ ಮಾಡಿಕೊಂಡು ಬಚ್ಚಲ ಬಾಗಿಲಲ್ಲಿ ಕುಸಿದಳು. ಮೈ ತಣ್ಣಗಿತ್ತು. ಹೆಸರು ಹಿಡಿದು ಕೂಗಿದರೆ ಕಣ್ಣು ಅರ್ಧ ತೆರೆಯುತ್ತಿದ್ದಳು, ಯಾರೆಂದು ತಿಳಿಯುತ್ತಿರಲಿಲ್ಲ. ಕಾರು ಮಾಡಿಕೊಂಡು ನೇರ ತುಮಕೂರಿಗೆ ಹೋದೆವು. ಅವ್ವ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಣ್ಣ ಮುಂದೆ ಕೂತು ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದ.

ಈ ಸಲ ಹೋದದ್ದು ಬೇರೆ ಆಸ್ಪತ್ರೆಗೆ. ನೋಡಿದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ, ದಕ್ಷಿಣ ಕನ್ನಡದವರು. ಬಿ.ಪಿ. ತೀರಾ ಇಳಿದಿತ್ತು, ಸಕ್ಕರೆಯೂ ಇಳಿದಿತ್ತು. ಗ್ಲೂಕೋಸ್ ಹಾಕಿಸಿ ಹೊರಗೆ ಬಂದು ನಮ್ಮನ್ನು ವಿಚಾರಿಸಿದರು. "ಇವರಿಗೆ ಹೆರಿಗೆಯಲ್ಲಿ ರಕ್ತ ತುಂಬಾ ಹೋಗಿತ್ತಾ?"

"ಇಲ್ಲ," ಎಂದೆ. "ಮಗಳು ಹುಟ್ಟಿ ಎಷ್ಟೋ ವರ್ಷ ಆಯ್ತು, ಹೆರಿಗೆ ಸಲೀಸಾಗೇ ಆಗಿತ್ತು."

"ಬೇರೆ ಏನಾದರೂ ದೊಡ್ಡ ಕಾಯಿಲೆ?"

ಅಣ್ಣ, "ಹಾವು ಕಚ್ಚಿತ್ತು. ಅದೆಲ್ಲ ಯಾವಾಗ್ಲೋ ವಾಸಿಯಾಯ್ತು ಬುಡಿ," ಎಂದ.

"ಎಲ್ಲಿ ವಾಸಿಯಾಯ್ತು?" ಎಂದಳು ಅವ್ವ. "ನಂಜು ಉಳ್ಕಂಡೈತೆ, ನಂಜು ಉಳ್ಕಂಡೈತೆ ಅಂತ ನಾನು ಬಡ್ಕತ್ತಾನೇ ಇವ್ನಿ. ಯಾರು ಕೇಳ್ತಾರೆ?"

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಯಾವ ಹಾವು?"

"ಕೊಳಕುಮಂಡಲ."

ಅವರು ಅವ್ವನ ಪಕ್ಕದಲ್ಲೇ ಕೂತರು. "ನಮ್ಮ ತುಳುವಿನಲ್ಲಿ ನಂಜಿ ಅಂದರೆ ವಿಷವೇ ಅಮ್ಮ. ನೀವು ಹೇಳುವುದೂ ಅದೇನಾ?"

"ವಿಷ ಬ್ಯಾರೆ ಕಣವ್ವ, ನಂಜು ಬ್ಯಾರೆ," ಎಂದಳು ಅವ್ವ. "ವಿಷ ಏರ್ತದೆ, ಇಳೀತದೆ. ನಂಜು ಎಲ್ಲೋ ಒಂದ್ಕಡೆ ಕೂತ್ಕತ್ತದೆ."

ಡಾಕ್ಟರಮ್ಮ ನಮಗೆಲ್ಲ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಮಿದುಳಿನ ಬುಡದಲ್ಲಿ ಕಡ್ಲೆಕಾಳಿನಷ್ಟು ಚಿಕ್ಕ ಗ್ರಂಥಿ ಒಂದಿದೆ. ಮೈಯ ಕಾವು, ಬಲ, ಮುಟ್ಟು, ಕಾಯಿಲೆ ಬಂದರೆ ತಡೆದುಕೊಳ್ಳುವ ಶಕ್ತಿ, ಇದಕ್ಕೆಲ್ಲ ಅದರ ಅಪ್ಪಣೆ ಬೇಕು. ಹೆರಿಗೆಯಲ್ಲಿ ರಕ್ತ ತುಂಬಾ ಹೋದಾಗ ಆಗುವ ಹಾಗೇ, ಈ ಜಾತಿಯ ಹಾವಿನ ವಿಷದಿಂದಲೂ ಅಪರೂಪಕ್ಕೆ ಆ ಗ್ರಂಥಿಗೆ ರಕ್ತ ಹೋಗುವುದು ನಿಂತು ಅದು ಒಣಗಿಬಿಡುತ್ತದೆ. ಕೂಡಲೇ ಗೊತ್ತಾಗುವುದಿಲ್ಲ, ತಿಂಗಳುಗಳು, ಕೆಲವರಲ್ಲಿ ವರ್ಷಗಳು ಬೇಕು. ರಕ್ತ ಪರೀಕ್ಷೆಗೆ ಕೊಟ್ಟು ಅದರ ಮದ್ದು ಈಗಲೇ ಶುರು ಮಾಡುತ್ತೇನೆ, ಸ್ಕ್ಯಾನ್ ಆಮೇಲೆ ಮಾಡೋಣ ಎಂದರು.

ಅಣ್ಣ, "ಆವತ್ತು ಕೊಟ್ಟ ಇಂಜೆಕ್ಷನ್ ಸೈಡ್ ಎಫೆಕ್ಟಾ ಮೇಡಂ?" ಎಂದು ಕೇಳಿದ.

"ಅಲ್ಲ. ಆ ಇಂಜೆಕ್ಷನ್ನೇ ಇವರನ್ನು ಉಳಿಸಿದ್ದು. ಇದು ಮದ್ದಿನಿಂದ ಆದದ್ದಲ್ಲ, ವಿಷದಿಂದಲೇ ಆದದ್ದು. ತಡವಾಗಿ ಕಾಣಿಸಿಕೊಂಡಿದೆ."

ಮದ್ದು ಮೈಗೆ ಹೋದ ಮಾರನೆಯ ದಿನ ಅತ್ತಿಗೆ ಎದ್ದು ಕೂತು ಕಾಫಿ ಕೇಳಿದಳು. ರಕ್ತದ ವರದಿಯೂ ಆಮೇಲಿನ ಸ್ಕ್ಯಾನೂ ಡಾಕ್ಟರಮ್ಮನ ಮಾತನ್ನೇ ಹೇಳಿದವು. ಎಷ್ಟೋ ತಿಂಗಳ ಮೇಲೆ ಅವಳ ಕಣ್ಣಲ್ಲಿ ನನ್ನನ್ನು ಸರಿಯಾಗಿ ನೋಡುವ ನೋಟ ಬಂದಿತ್ತು. ನಮ್ಮ ಸ್ಕೂಲಿನ ಪುಸ್ತಕಗಳಲ್ಲಿ ಇಂಥದ್ದಕ್ಕೆ ದುಷ್ಪರಿಣಾಮ ಎಂದಿರುತ್ತದೆ, ನಾನೂ ಹಾಗೇ ಹೇಳಿಕೊಟ್ಟಿದ್ದೇನೆ. ಆ ಮಂಚದ ಪಕ್ಕ ನಿಂತಾಗ ಆ ಪದ ನನ್ನ ನಾಲಿಗೆಗೆ ಬರಲೇ ಇಲ್ಲ, ಬಂದದ್ದು ಅವ್ವನ ಪದ.

ಅವ್ವನ ಮುಖದಲ್ಲಿ ಗೆದ್ದ ಕಳೆಯಿತ್ತು. ಅದು ಬಿಡುಗಡೆಯ ದಿನದ ತನಕ ಮಾತ್ರ. ಮನೆಗೆ ಕಳುಹಿಸುವ ಮುಂಚೆ ಡಾಕ್ಟರಮ್ಮ ಊಟದ ವಿಷಯ ಕೇಳಿದರು. ಅವ್ವ ಹೆಮ್ಮೆಯಿಂದಲೇ, "ಪಥ್ಯದಲ್ಲಿ ಒಂಚೂರೂ ತಪ್ಪಿಲ್ಲ ಕಣವ್ವ. ಆವತ್ತಿಂದ ಇವತ್ತಿನವರ್ಗೂ ಉಪ್ಪು ಮುಟ್ಸಿಲ್ಲ," ಎಂದಳು.

ಡಾಕ್ಟರಮ್ಮ ರಕ್ತದ ವರದಿಯನ್ನು ಮತ್ತೊಮ್ಮೆ ತೆಗೆದು ನೋಡಿದರು. ಆಮೇಲೆ, "ಇನ್ನು ಮೇಲೆ ಕೊಡಿ ಅಮ್ಮ. ಈ ಕಾಯಿಲೆಯಲ್ಲಿ ಮೊದಲೇ ಮೈಯಲ್ಲಿ ಉಪ್ಪಿನಂಶ ಇಳಿಯುತ್ತದೆ. ಇವರಿಗೆ ತೀರಾ ಇಳಿದಿತ್ತು, ಎಚ್ಚರ ತಪ್ಪಿದ್ದಕ್ಕೆ ಅದೂ ಒಂದು ಕಾರಣ," ಎಂದರು. ಅವ್ವನ ಮುಖ ನೋಡಿ, "ಕಾಯಿಲೆ ಬಂದದ್ದು ಅದರಿಂದ ಅಲ್ಲ," ಎಂದೂ ಸೇರಿಸಿದರು. ಅವ್ವನಿಗೆ ಆ ಕೊನೆಯ ಮಾತು ಕೇಳಿಸಿತೋ ಇಲ್ಲವೋ. ಕಾರಿನಲ್ಲಿ ಬರುವಾಗ ಗುಬ್ಬಿ ದಾಟಿ ತಿಪಟೂರು ಬರುವ ತನಕ ಕಿಟಕಿಯ ಆಚೆಗೇ ಮುಖ ಮಾಡಿಕೊಂಡು ಕೂತಿದ್ದಳು.

ಅಲ್ಲಿಂದ ಮುಂದೆ ಅತ್ತಿಗೆಯ ಸಪ್ಪೆ ಪಾತ್ರೆ ಒಲೆಯಿಂದ ಇಳಿಯಿತು ಎಂದುಕೊಂಡಿದ್ದೆವು. ಮುಂದಿನ ಭಾನುವಾರ ಊಟಕ್ಕೆ ಕೂತಾಗ ಅದು ಒಲೆಯ ಮೇಲೇ ಇತ್ತು. ಅವ್ವ ಅದರಿಂದ ಸಾರನ್ನು ತನ್ನ ತಟ್ಟೆಯ ಮುದ್ದೆಗೆ ಬಿಟ್ಟುಕೊಂಡಳು. ಅತ್ತಿಗೆ ನೋಡಿದಳು. ಬೆರಳು ಅದ್ದಿ ರುಚಿ ನೋಡಿದಳು.

"ಅತ್ತೆ, ಏನಿದು? ನಿಮ್ಗೇನ್ ಹಾವು ಕಚ್ಚಿತ್ತಾ?"

ಅವ್ವ ತಲೆ ಎತ್ತಲಿಲ್ಲ. "ಉಣ್ಣು ನೀನು."

"ಎಷ್ಟು ದಿನದಿಂದ ಹಿಂಗೆ ಉಣ್ತಾ ಇದ್ದೀರಿ?"

ಅವ್ವನ ಕೈ ಮುದ್ದೆಯ ಮೇಲೆ ಹಾಗೇ ನಿಂತಿತು. "ಅದೇನೋ ನಂಜು ನಂಜು ಅಂತ ಬಡ್ಕಂಡೆ," ಎಂದಳು. "ನಿಂಗೆ ನಾನೇ ನಂಜಾದ್ನಲ್ಲವ್ವ."

ಅವ್ವ ಅತ್ತದ್ದನ್ನು ನಾನು ಅಪ್ಪ ಸತ್ತಾಗ ನೋಡಿದ್ದೆ, ಆಮೇಲೆ ಆವತ್ತು. ಅತ್ತಿಗೆ ಎದ್ದು ಹೋಗಿ ಆ ಪಾತ್ರೆಯ ಸಾರನ್ನು ದನಗಳ ಕಲಗಚ್ಚಿನ ಬಾನಿಗೆ ಸುರಿದಳು. ಬೇರೆ ಸಾರು ತಂದು ಅವ್ವನ ತಟ್ಟೆಗೆ ಬಡಿಸಿ, ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಉಪ್ಪು ತಪ್ಸಿದೋರೂ ನೀವೇ, ಕೀವು ತೊಳ್ದೋರೂ ನೀವೇ. ಎರಡನ್ನೂ ನಾನು ಮರಿಯಾಕಿಲ್ಲ," ಎಂದಳು. "ಮರ್ತೆ ಅಂತ ಸುಳ್ಳು ಹೇಳಿದ್ರೆ ನಿಮ್ಗೂ ಗೊತ್ತಾಯ್ತದೆ. ಈಗ ಉಣ್ಣಿ."

ಅವ್ವ ಉಂಡಳು. ಅತ್ತಿಗೆ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದಳು. ಅಣ್ಣ ಎದುರಿಗಿದ್ದ, ತನ್ನ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದ.

ಈಗ ಕೆಲವು ವರ್ಷಗಳಾಗಿವೆ. ಅತ್ತಿಗೆ ದಿನವೂ ಮಾತ್ರೆ ನುಂಗಬೇಕು, ಬದುಕಿರುವ ತನಕ. ಜ್ವರ ಬಂದರೆ ಒಂದು ಮಾತ್ರೆಯ ಪ್ರಮಾಣ ಹೆಚ್ಚಿಸಬೇಕು. ಅದನ್ನು ಮನೆಯವರೆಲ್ಲ ಕಲಿತಿದ್ದೇವೆ, ಮಗಳೂ ಕಲಿತಿದ್ದಾಳೆ. ಹುಬ್ಬು ತುಂಬಿ ಬಂದಿದೆ. ಸ್ವೆಟರ್ ಪೆಟ್ಟಿಗೆ ಸೇರಿದೆ. ಜೋರು ಗಂಟಲೂ ಮರಳಿ ಬಂದಿದೆ, ಪೂರ್ತಿ ಅಲ್ಲ. ಇನ್ನೊಂದು ಮಗು ಬೇಕಾದರೆ ಬೆಂಗಳೂರಿಗೆ ಹೋಗಿ ಬೇರೆ ಚಿಕಿತ್ಸೆ ತೆಗೆದುಕೊಳ್ಳಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಇಬ್ಬರೂ ಯೋಚನೆ ಮಾಡಿದರು, ಬೇಡವೆಂದರು. ಬೇಡವೆಂದವರು ಯಾರು, ಒಪ್ಪಿಕೊಂಡವರು ಯಾರು ಎಂದು ನಾನು ಕೇಳಿಲ್ಲ.

ಅಣ್ಣ ಅವಳ ಕ್ಷಮೆ ಕೇಳಿದ್ದನ್ನು ನಾನು ನೋಡಿಲ್ಲ. ತುಮಕೂರಿಗೆ ತೋರಿಸಲು ತಾನೇ ಕರೆದುಕೊಂಡು ಹೋಗುತ್ತಾನೆ. ಮಾತ್ರೆ ಮುಗಿಯುವ ಮುಂಚೆಯೇ ತಂದಿಡುತ್ತಾನೆ. ಹೋದ ಬೇಸಿಗೆಯ ರಜೆಯಲ್ಲಿ ತೋಟದ ಬಾವಿಕಟ್ಟೆಯ ಮೇಲೆ ನಾನೂ ಅತ್ತಿಗೆಯೂ ಕೂತಿದ್ದಾಗ ನಂಜಿನ ಮಾತು ತಾನಾಗಿ ಬಂತು. ನಿಘಂಟಿನಲ್ಲಿ ನಂಜಿಗೆ ಹಗೆ ಎಂಬ ಅರ್ಥವೂ ಇದೆ ಎಂದು ನಾನು ಹೇಳಿದ್ದಕ್ಕೆ ಅವಳು ಯೋಚಿಸಿ, "ಹಗೆ ಅಲ್ಲ ಕಣೇ," ಎಂದಳು. "ನಿಮ್ಮಣ್ಣನ ಮೇಲೆ ನಂಗೆ ಹಗೆ ಇಲ್ಲ. ಆವತ್ತು ಆಳುಗಳ ಮುಂದೆ ದಂಡಪಿಂಡ ಅಂದ್ರಲ್ಲ, ಅದು ಸುಮ್ನೆ ಒಂದೊಂದ್ಸಲ ಕೇಳುಸ್ತದೆ. ಪಾತ್ರೆ ತೊಳೀತಾ ಇರ್ತೀನಿ, ಕೇಳುಸ್ತದೆ. ಅವ್ರು ಒಳ್ಳೇ ಮಾತಾಡೋವಾಗ್ಲೂ ಕೇಳುಸ್ತದೆ."

"ಅಣ್ಣಂಗೆ ಹೇಳಿದ್ದೀಯಾ?"

"ಹೇಳಿದ್ರೆ ಏನ್ ಮಾಡ್ತಾರೆ ಪಾಪ? ಆಡಿದ್ದನ್ನ ಹಿಂದಕ್ಕೆ ನುಂಗಕ್ಕಾಯ್ತದಾ?"

ಅಷ್ಟರಲ್ಲಿ ಅಣ್ಣ ಮನೆಯ ಕಡೆಯಿಂದ ಕೂಗಿದ. ಕೊಬ್ಬರಿ ಕೊಳ್ಳುವವರು ಬರುವವರಿದ್ದರು, ಅಟ್ಟದ ಕಾಯಿ ಇಳಿಸಬೇಕಿತ್ತು. "ಬಾರೇ, ಯಾವ್ದಾಗೈತೆ ಯಾವ್ದಿಲ್ಲ ನಂಗೆ ಗೊತ್ತಾಗಲ್ಲ," ಎಂದ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಎದ್ದಳು. ಬಾವಿಕಟ್ಟೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಒಣಗರಿಗಳು ಬಿದ್ದಿದ್ದವು. ಅವಳು ಅವುಗಳನ್ನು ದಾಟಲಿಲ್ಲ, ಬದುವಿನ ಮೇಲೆ ಬಳಸಿಕೊಂಡು ಹೋದಳು. ನಾನೂ ಅವಳ ಹಿಂದೆ ಬದುವಿನ ಮೇಲೇ ನಡೆದೆ.